ಒಂಬತ್ತನೇ ಗುಳಿಯ ಗೋಧೂಳಿ

ನಮ್ಮೂರಿನಲ್ಲಿ ಸೂರ್ಯ ತಾನಾಗಿ ಮುಳುಗುವುದಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ದೊಡ್ಡದೊಂದು ಹುಲ್ಲು ಮೈದಾನವಿದೆ. ಅಲ್ಲಿ ಮೂವರು ಮುದುಕರು ದಿನಾ ಗಾಲ್ಫ್ ಆಡುತ್ತಾರೆ. ಮೂವರ ಪೈಕಿ ಕೊನೆಯವರ ಚೆಂಡು ಒಂಬತ್ತನೇ ಗುಳಿಗೆ ಬಿದ್ದ ಮೇಲೆಯೇ ಸೂರ್ಯ ಇಳಿಯುವುದು. ಅಲ್ಲಿಯವರೆಗೆ ಪಡುವಣ ಹುಣಸೆಮರದ ತುದಿಯಲ್ಲಿ ಸುಮ್ಮನೆ ಕೂತಿರುತ್ತಾನೆ. ಹೊರಗಿನವರು ಬಂದು ಯಾಕೆ ಹೀಗೆ ಎಂದು ಕೇಳಿದರೆ ನಮಗೆ ನಗು. ನಿಮ್ಮೂರಲ್ಲಿ ಯಾರನ್ನೂ ಒಂದು ಮಾತು ಕೇಳದೆ ಮುಳುಗಿಬಿಡುತ್ತಾನಲ್ಲ, ಅದು ಯಾಕೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಹೇಗೋ ಹೊಂದಿಕೊಂಡಿದ್ದೇವೆ. "ಸಂಜೆ ಸಿಗ್ತೀನಿ" ಎನ್ನುವ ಮಾತೇ ನಮ್ಮಲ್ಲಿಲ್ಲ, "ಗುಳಿ ಬಿದ್ಮೇಲೆ ಸಿಗ್ತೀನಿ" ಎನ್ನುತ್ತೇವೆ. ಗೋಡೆ ಗಡಿಯಾರ ಎಲ್ಲರ ಮನೆಯಲ್ಲೂ ಇದೆ, ಆದರೆ ನಾಲ್ಕು ಹೊಡೆದ ಮೇಲೆ ಅದರ ಕಡೆ ಯಾರೂ ನೋಡುವುದಿಲ್ಲ. ಆಟ ಎಳೆದ ದಿನ ತಾಯಂದಿರು ಮಕ್ಕಳ ಮುಖದ ಮೇಲೆ ಕಂಬಳಿ ಎಳೆದು, ಕತ್ತಲಾಯಿತು ಮಲಗು ಎಂದು ಸುಳ್ಳು ಹೇಳುತ್ತಾರೆ. ಎಷ್ಟೋ ಸಲ ಊರಾಚೆಯ ಮೈಲಿಗಲ್ಲಿನ ಆ ಕಡೆ ಕತ್ತಲು, ಈ ಕಡೆ ಬಿಸಿಲು; ಆಗ ಬರುವ ಬಸ್ಸು ಹೆಡ್‌ಲೈಟ್ ಹಾಕಿಕೊಂಡೇ ಬಿಸಿಲಿಗೆ ನುಗ್ಗುತ್ತದೆ. ಒಂದು ದಿನ ಅದೇನು ಕೈ ಕೂಡಿತೋ, ಮುದುಕರು ನಾಲ್ಕೂವರೆಗೇ ಮುಗಿಸಿಬಿಟ್ಟರು. ಸ್ಕೂಲು ಬಿಟ್ಟ ಮಕ್ಕಳು ಗೋಡೆ ತಡಕಾಡಿಕೊಂಡು ಮನೆ ಸೇರಿದರು, ಕೋಳಿಗಳು ನಡುಬೀದಿಯಲ್ಲೇ ಕಣ್ಣು ಮುಚ್ಚಿ ಕೂತವು. ಇನ್ನೊಮ್ಮೆ ಒಬ್ಬರಿಗೆ ಕಾಲುಳುಕಿ ಆಟವೇ ನಿಂತಾಗ ಎರಡು ದಿನ ಬಿಸಿಲು ಕಾದು, ಮೂರನೇ ದಿನ ಊರವರೇ ಅವರನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ ಆಡಿಸಿದರು. ಅವತ್ತಿನಿಂದ ದಿನಾ ಮೂರು ಗಂಟೆಗೆ ಶುರು, ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ.

ನಾನು ಪುಟ್ಟಲಕ್ಷ್ಮಿ. ಬಸ್ ಸ್ಟ್ಯಾಂಡಿನಲ್ಲಿ ಬೋಂಡದ ಗಾಡಿ ಇಟ್ಟುಕೊಂಡಿದ್ದೇನೆ. ಬೆಳಕಿದ್ದಾಗ ಯಾರೂ ಬೋಂಡ ತಿನ್ನುವುದಿಲ್ಲ, ಬೋಂಡ ತಿನ್ನುವುದಕ್ಕೆ ಒಂದಿಷ್ಟು ಮಬ್ಬು ಬೇಕು. ಎಣ್ಣೆ ಕಾಯುತ್ತಿದ್ದರೆ, ಹಿಟ್ಟು ಹುಳಿಯುತ್ತಿದ್ದರೆ, ನಾನು ಬೇಲಿಯ ಮೇಲಿಂದ ಆ ಮೂವರನ್ನು ನೋಡಿಕೊಂಡು ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದೇನೋ ದೇವರಿಗೇ ಗೊತ್ತು. ಅದೂ ಎಂಥ ಆಟ! ಕೋಲಿನಿಂದ ಚೆಂಡು ಹೊಡೆದು ಗುಳಿಗೆ ಸೇರಿಸುವುದು. ಹೊಡೆತ ಎಷ್ಟು ಕಡಿಮೆಯೋ ಅಷ್ಟು ಹೆಚ್ಚುಗಾರಿಕೆ. ಪಂದ್ಯವಿಲ್ಲ, ಬಹುಮಾನವಿಲ್ಲ, ನೋಡುವವರು ಹಸುಗಳು ಮಾತ್ರ. ಆಡಿ ಮನೆಗೆ ಹೋಗಬಾರದೇ? ಇಲ್ಲ, ಲೆಕ್ಕ ಇಡಬೇಕು.

ಲೆಕ್ಕ ಇಡುವವರು ಬೇರೆ ಯಾರೂ ಅಲ್ಲ, ನನ್ನ ಸೋದರಮಾವ ತಮ್ಮಯ್ಯ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವರು. ಚಿನ್ನದಂಥ ಮನುಷ್ಯ, ಆದರೆ ಕಿವಿಯ ಮೇಲೊಂದು ಪೆನ್ಸಿಲ್, ಜೇಬಿನಲ್ಲೊಂದು ಪುಸ್ತಕ. ಪ್ರತಿ ಗುಳಿಯ ಹತ್ತಿರವೂ ನಿಂತು, ಪೆನ್ಸಿಲ್ ತುದಿಯನ್ನು ನಾಲಿಗೆಗೆ ಒತ್ತಿ, "ಸಾಬ್ರೆ, ನಿಮ್ಮದೆಷ್ಟು?" ಎನ್ನುತ್ತಾರೆ. ಬಷೀರ್ ಸಾಹೇಬರು, ಅಂದರೆ ನಮ್ಮ ಹಳೆಯ ಪೋಸ್ಟ್ ಮಾಸ್ಟರು, "ಐದು" ಎನ್ನುತ್ತಾರೆ. "ಐದೆಲ್ಲಿಂದ ಬಂತು? ಬೇಲಿ ಹತ್ರ ಎರಡು ಸಲ ಬೀಸಲಿಲ್ವಾ?" "ಅರೆ, ಅದು ನೊಣ ಓಡಿಸಿದ್ದು ತಮ್ಮಯ್ಯ!" ಆಮೇಲೆ ಮೂರನೆಯವರಾದ ಪುರೋಹಿತ ಶಾಮಾ ಜೋಯಿಸರು ನೊಣದ ಪರವಾಗಿಯೋ ವಿರುದ್ಧವಾಗಿಯೋ ಒಂದು ತೀರ್ಪು ಕೊಡಬೇಕು. ಸೂರ್ಯ ಕಾಯುತ್ತಿರಬೇಕು. ನನ್ನ ಎಣ್ಣೆ ಹೊಗೆಯಾಡುತ್ತಿರಬೇಕು.

ಈ ಲೆಕ್ಕದಿಂದಲೇ ಆಟ ನಿಧಾನವಾಗುತ್ತದೆ ಎಂದು ಊರಲ್ಲಿ ಮೊದಲು ಬಾಯಿ ಬಡಿದುಕೊಂಡವಳು ನಾನು. ಹೌದು ಎಂದವರು ಅರ್ಧ ಊರು, ಅಲ್ಲ ಎಂದವರು ಇನ್ನರ್ಧ. ಕೊನೆಗೆ ಒಂದು ವಾರ ಲೆಕ್ಕವಿಲ್ಲದೆ ಆಡಿಸಿ ನೋಡೋಣ ಎಂದಾಯಿತು; ಸ್ಕೂಲಿನ ಮೇಷ್ಟ್ರು ಕೈಗಡಿಯಾರ ಹಿಡಿದು ಬೇಲಿಯ ಮೇಲೆ ಕೂತರು. ಅಯ್ಯೋ, ಆ ವಾರ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ! ಲೆಕ್ಕವೇ ಇಲ್ಲದ ಮೇಲೆ ಒಂದು ಹೊಡೆದರೇನು, ಹತ್ತು ಹೊಡೆದರೇನು? ಚೆಂಡು ಚೆನ್ನಾಗಿ ಹೋಗಲಿಲ್ಲವೋ, "ಇದು ಬೇಡ, ಇನ್ನೊಂದು ಹೊಡೀತೀನಿ ತಡಿ" ಎಂದು ಮತ್ತೆ ವಾಪಸ್ಸು. ಚೆನ್ನಾಗಿ ಹೋಯಿತೋ, "ಆಹಾ, ಅದೇ ಥರ ಇನ್ನೊಂದು" ಎಂದು ಮತ್ತೆ ವಾಪಸ್ಸು. ಬುಧವಾರ ಗಡಿಯಾರದಲ್ಲಿ ರಾತ್ರಿ ಹತ್ತು ಗಂಟೆಯಾದರೂ ಹಿತ್ತಲಲ್ಲಿ ಹಪ್ಪಳ ಒಣಗುತ್ತಿತ್ತು. ಮೇಷ್ಟ್ರು ವಾರದ ಕೊನೆಯಲ್ಲಿ, "ಲೆಕ್ಕ ಇಟ್ಟರೂ ತಡ, ಇಡದಿದ್ದರೂ ತಡ, ಆಡುವವರು ಇವರೇ ಆಗಿದ್ದರೆ" ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಮಾವ ಪೆನ್ಸಿಲ್ಲನ್ನು ಮತ್ತೆ ಕಿವಿಗೆ ಏರಿಸಿದರು. ಒಂಬತ್ತು ಗುಳಿಯನ್ನು ಐವತ್ತಕ್ಕಿಂತ ಕಡಿಮೆ ಹೊಡೆತದಲ್ಲಿ ಮುಗಿಸಬೇಕು ಎಂಬುದು ಅವರ ಇಪ್ಪತ್ತೆರಡು ವರ್ಷದ ಆಸೆ. ಒಮ್ಮೆಯೂ ಆಗಿರಲಿಲ್ಲ.

ಇಷ್ಟರಲ್ಲಿ ನನ್ನ ಮದುವೆ ಬಂತು. ಮೂವತ್ತಾರು ವಯಸ್ಸಿಗೆ. ಹುಡುಗ ಹೊರಗಿನೂರಿನವರು, ಬಸ್ ಡ್ರೈವರು. ಗಂಡನ ಹೆಸರು ಹೇಳಬಾರದಂತೆ, ಆದರೆ ಕಥೆಯಲ್ಲಿ ಹೇಳದೆ ಹೇಗೆ? ಮರಿಸ್ವಾಮಿ. ಮೊದಲ ದಿನ ಹೆಡ್‌ಲೈಟ್ ಹಾಕಿಕೊಂಡು ಬಿಸಿಲಲ್ಲಿ ಬಂದಿಳಿದು, ಬೋಂಡ ಇದೆಯೇ ಎಂದು ಕೇಳಿದರು. ಗುಳಿ ಬಿದ್ದಿಲ್ಲ, ಕಾಯಬೇಕು ಎಂದೆ. ಯಾವ ಗುಳಿ, ಎಲ್ಲಿ ಬೀಳಬೇಕು ಎಂದು ಒಂದು ಮಾತು ಕೇಳದೆ ಎರಡು ಗಂಟೆ ಕಾದರು! ಅಂಥ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೂರು ವರ್ಷ ಬೋಂಡ ತಿಂದರು, ಮೂರು ವರ್ಷದಲ್ಲಿ ಆಡಿದ್ದು ನಲವತ್ತು ಮಾತು. ಒಂದು ದಿನ ಇದ್ದಕ್ಕಿದ್ದಂತೆ, "ನಿಮ್ಮನೆಗೇ ಬಂದು ಕೇಳ್ಲಾ?" ಎಂದರು. "ಬೋಂಡ ಕೇಳಕ್ಕೆ ಮನೆಗ್ಯಾಕೆ ಬರ್ತೀರಿ, ಇಲ್ಲೇ ಕೊಡ್ತೀನಲ್ಲ" ಎಂದೆ ನಾನು, ದಡ್ಡಿ. ಅವರ ಕಿವಿ ಕೆಂಪಾದ ಮೇಲೆ ನನಗೆ ಅರ್ಥವಾಯಿತು.

ಅಡ್ಡ ಬಂದವರು ಅವರನ್ನು ಸಾಕಿದ ದೊಡ್ಡಮ್ಮ, ಚೆಲುವಮ್ಮ. ಆಕೆಗೆ ನಾನು ಹಿಡಿಸಲಿಲ್ಲ, ನಮ್ಮೂರು ಮೊದಲೇ ಹಿಡಿಸಲಿಲ್ಲ. ತಮ್ಮ ನಾದಿನಿಯ ಮಗಳನ್ನು ಆಗಲೇ ಗೊತ್ತುಮಾಡಿಟ್ಟಿದ್ದರು. ಮರಿಸ್ವಾಮಿ ದೊಡ್ಡಮ್ಮನ ಮಾತಿಗೆ ಹುಟ್ಟಿದಾರಭ್ಯ ಇಲ್ಲ ಎಂದವರಲ್ಲ. ಏನೋ ಪುಣ್ಯ, ಅಂತೂ ಇಂತೂ ಆಕೆ ಒಪ್ಪಿದರು. ಆದರೆ ಜೋಯಿಸರು ಪಂಚಾಂಗ ನೋಡಿ, "ಇವಳ ಗುರುಬಲ ಮುಗಿಯೋದ್ರೊಳಗೆ ಮದುವೆಗೆ ಒಂದೇ ಒಂದು ದಿನ ಕೂಡಿ ಬರುತ್ತೆ, ಅವತ್ತು ಇರೋದು ಗೋಧೂಳಿ ಲಗ್ನ ಒಂದೇ. ಹಸುಗಳು ಧೂಳೆಬ್ಬಿಸಿಕೊಂಡು ಮನೆಗೆ ಹೋಗೋ ಹೊತ್ತಿಗೆ ತಾಳಿ ಬೀಳಬೇಕು" ಎಂದುಬಿಟ್ಟರು. ದೊಡ್ಡಮ್ಮ ತಮ್ಮ ಕೈಗಡಿಯಾರ ತಟ್ಟಿ ಹೇಳಿದರು: "ನಿಮ್ಮೂರ ಸೂರ್ಯನ್ನ ನಾ ನಂಬಾಕಿಲ್ಲ. ಎಂಟು ಗಂಟೆವರ್ಗೂ ಕಾಯ್ತೀನಿ. ಅಷ್ಟೊತ್ಗೆ ತಾಳಿ ಬೀಳ್ನಿಲ್ಲ ಅಂದ್ರೆ ಬಂದ ಬಸ್ನಾಗೇ ಹುಡುಗನ್ನ ವಾಪಸ್ ಕರ್ಕೊಂಡ್ ಹೋಯ್ತೀನಿ." ಹೋಗಿ ನಾದಿನಿಯ ಮಗಳಿಗೆ ಕಟ್ಟುತ್ತಾರೆ ಎಂಬುದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮದುವೆಯ ಹಿಂದಿನ ದಿನ ಮಾವನನ್ನು ಹಿಡಿದು ಕೂರಿಸಿದೆ. "ಮಾವ, ನಾಳೆ ಒಂದು ದಿನ ಲೆಕ್ಕ ಬೇಡ. ಹೊಡೀರಿ, ಬೀಳಿಸ್ರಿ, ಬಂದು ಧಾರೆ ಎರೀರಿ." ಮಾವ ಪುಸ್ತಕ, ಪೆನ್ಸಿಲ್ ಎರಡನ್ನೂ ನನ್ನ ಕೈಗಿಟ್ಟರು. ನನ್ನ ತಲೆಯ ಮೇಲೆ ಕೈಯಿಟ್ಟು, "ನಾಳೆ ಪುಸ್ತಕ ಮುಟ್ಟಲ್ಲ, ಬಾಯಲ್ಲೂ ಎಣಿಸಲ್ಲ ಲಚ್ಚಿ, ನಿನ್ನಾಣೆ" ಎಂದರು. ನನಗೆ ಅಳು ಬಂತು. ಅವರಿಗೂ ಬಂತು. ಪುಸ್ತಕವನ್ನು ಅಕ್ಕಿಯ ಡಬ್ಬದ ತಳಕ್ಕೆ ತುರುಕಿದೆ.

ಮಾರನೇ ದಿನ ಮೂರಕ್ಕೆ ಸರಿಯಾಗಿ ಆಟ ಶುರುವಾಯಿತು. ಮದುವೆ ಮಂಟಪ ಮೈದಾನದ ಪಕ್ಕದ ಛತ್ರದಲ್ಲಿ. ನನಗೆ ಸೀರೆ ಉಡಿಸುತ್ತಿದ್ದ ಕೋಣೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಆರು ಗಂಟೆಗೆ ಗಂಡಿನ ಕಡೆಯವರ ಬಸ್ಸು ಬಂತು. ಮದುಮಗನೇ ಓಡಿಸಿಕೊಂಡು ಬಂದಿದ್ದರು, ಬಾಸಿಂಗ ಜಖಂ ಆಗದ ಹಾಗೆ ಹಾರನ್ನಿಗೆ ಸಿಕ್ಕಿಸಿಕೊಂಡು. ಆಗ ಮುದುಕರು ಆರನೇ ಗುಳಿಯಲ್ಲಿದ್ದರು. ಪರವಾಗಿಲ್ಲ, ಆರೂಮುಕ್ಕಾಲಿಗೆ ಮುಗಿಯುತ್ತದೆ ಎಂದುಕೊಂಡೆ. ಆರೂಮುಕ್ಕಾಲಾಯಿತು. ಏಳಾಯಿತು. ಸೂರ್ಯ ಹುಣಸೆಮರದ ತುದಿ ಬಿಟ್ಟು ಅಲ್ಲಾಡಲಿಲ್ಲ. ಏನು ಧಾಡಿ ಇವರಿಗೆ ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ಆಗ ಕಣ್ಣಿಗೆ ಬಿತ್ತು: ಮಾವನ ಬಲಗೈಯಲ್ಲಿ ಕೋಲು, ಎಡಗೈಯ ಹೆಬ್ಬೆರಳು ಮಾತ್ರ ಬೇರೆ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದೇ ಮನೆ ಮುಂದಕ್ಕೆ ಸರಿಯುತ್ತಿತ್ತು.

ಎಣಿಸುತ್ತಿದ್ದಾರೆ! ಎಣಿಸುತ್ತಿದ್ದಾರೆ ಎಂದಮೇಲೆ ಚೆನ್ನಾಗಿ ಆಡುತ್ತಿದ್ದಾರೆ. ಚೆನ್ನಾಗಿ ಆಡುತ್ತಿದ್ದಾರೆ ಎಂದಮೇಲೆ ಒಂದೊಂದು ಹೊಡೆತಕ್ಕೂ ಕೂತು, ಎದ್ದು, ಹುಲ್ಲು ಕಿತ್ತು, ಗಾಳಿಗೆ ತೂರಿ, ಮತ್ತೆ ಕೂತು ಯೋಚಿಸುತ್ತಾರೆ. ಆಮೇಲೆ ತಿಳಿಯಿತು, ಎಂಟು ಗುಳಿಗೆ ನಲವತ್ತೆರಡು ಆಗಿತ್ತಂತೆ. ಒಂಬತ್ತನೆಯದನ್ನು ಏಳರಲ್ಲಿ ಮುಗಿಸಿದರೆ ನಲವತ್ತೊಂಬತ್ತು. ಇಪ್ಪತ್ತೆರಡು ವರ್ಷದ ಆಸೆ ನನ್ನ ಮದುವೆಯ ದಿನವೇ ಕೈಗೆಟುಕಬೇಕೇ, ಶಿವನೇ!

ಒಂಬತ್ತನೇ ಗುಳಿ ಶುರುವಾಗುವಾಗ ಏಳೂಕಾಲು. ಮೊದಲ ಹೊಡೆತ ಬೇಲಿಯ ಪೊದೆಗೆ ಹೋಯಿತು. ಪೊದೆಯಿಂದ ಹೊಡೆದದ್ದು ಒಂದು ಹಸುವಿನ ಪಕ್ಕೆಗೆ ತಾಗಿ ಹಿಂದಕ್ಕೇ ಬಂತು. ಹಾಗೂ ಹೀಗೂ ಏಳೂ ನಲವತ್ತಕ್ಕೆ ಮಾವನ ಚೆಂಡು ಗುಳಿಯಿಂದ ಗೇಣುದ್ದ ದೂರದಲ್ಲಿ ನಿಂತಿತ್ತು. ಮಿಕ್ಕಿಬ್ಬರದ್ದೂ ಆಗಲೇ ಬಿದ್ದಿತ್ತು. ಇನ್ನೊಂದೇ ಒಂದು ತಟ್ಟು! ಮಾವ ಬಗ್ಗಿದರು. ಅದೇ ಹೊತ್ತಿಗೆ ಚೆಲುವಮ್ಮ ಮದುಮಗನ ಕೈಹಿಡಿದು ಎಳೆದುಕೊಂಡು ಛತ್ರದಿಂದ ಮೈದಾನಕ್ಕೆ ನುಗ್ಗಿದರು.

"ಏನ್ರೀ ಬೀಗ್ರೇ! ಇದೇನು ಮದ್ವೆ ಮನೆಯೋ, ಗೋಲಿ ಆಡೋ ಜಾಗ್ವೋ?"

ಬೀಗಿತ್ತಿ! ಹೆಣ್ಣಿನ ಸೋದರಮಾವ ಏನು ಮಾಡಬೇಕು? ಮಾವ ಕೋಲು ಕೆಳಗೆ ಹಾಕಿ, ಎರಡೂ ಕೈ ಜೋಡಿಸಿ, "ಬನ್ನಿ ತಾಯಿ, ಬನ್ನಿ" ಎಂದರು. ಎಂದವರು ಹಾಗೇ ನಿಂತುಬಿಟ್ಟರು. ಜೋಡಿಸಿದ ಕೈಯನ್ನು ನಿಧಾನವಾಗಿ ಬಿಡಿಸಿ ನೋಡಿಕೊಂಡರು. ಹೆಬ್ಬೆರಳು ಗೆಣ್ಣು ಬಿಟ್ಟುಹೋಗಿತ್ತು.

"ಹೋಯ್ತು!" ಎಂದು ಕೂಗಿದರು. "ಲೆಕ್ಕ ಹೋಯ್ತು! ಸಾಬ್ರೆ, ಈ ಗುಳೀಲಿ ಈವರೆಗೆ ನಂದು ಆರಾ, ಏಳಾ?"

"ಏಳು," ಎಂದರು ಬಷೀರ್ ಸಾಹೇಬರು.

"ಅಲ್ಲಯ್ಯಾ, ಆರು. ಹಸುವಿಗೆ ತಾಗಿದ್ದನ್ನ ಗೋದಾನದ ಲೆಕ್ಕಕ್ಕೆ ಬಿಟ್ಟುಬಿಡಬೇಕು," ಎಂದರು ಜೋಯಿಸರು.

ನಾನು ಸೀರೆಯ ನೆರಿಗೆ ಹಿಡಿದುಕೊಂಡು ಓಡಿದೆ. ಮದುವೆ ಹೆಣ್ಣು ಹೀಗೆ ಓಡಬಾರದು ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು, ಕೂಗಲಿ. "ಮಾವ! ನನ್ನ ತಲೆ ಮುಟ್ಟಿ ಆಣೆ ಇಟ್ಟಿದ್ರಿ!"

"ಬಾಯಲ್ಲಿ ಎಣಿಸಲ್ಲ ಅಂದಿದ್ದೆ ಕಣೆ, ಎಣಿಸಿದ್ನಾ? ಬೆರಳಿಗೆಲ್ಲಿ ಆಣೆ ಇಟ್ಟಿದ್ದೆ?"

"ಹಾಳಾಗ್ಲಿ, ಆರು! ಆರೇ! ನಾನು ಕಿಟಕಿಯಿಂದ ನೋಡ್ತಿದ್ದೆ. ಹೊಡೀರಿ!"

ಮಾವ ತಲೆಯಾಡಿಸಿದರು. "ನಿನಗೆ ಅವಸರ. ನೀನು ನಾಲ್ಕು ಅಂತ ಬೇಕಾದ್ರೂ ಹೇಳ್ತೀಯ. ನಿನ್ನ ಮಾತು ನಡೆಯಲ್ಲ. ಈಗ ನಾನಿದನ್ನ ಬೀಳಿಸಿಬಿಟ್ರೆ ಕತ್ತಲಾಗೋಗುತ್ತೆ, ಕತ್ತಲಲ್ಲಿ ಎಲ್ಲಿ ಹುಡುಕಲಿ? ಒಂದೇ ಸಲ ಮೊದಲಿಂದ ನಡ್ಕೊಂಡು ಬಂದು ನೋಡಿಬಿಡ್ತೀನಿ." ಹೇಳಿದವರೇ ಒಂಬತ್ತನೇ ಗುಳಿ ಶುರುವಾಗುವ ಕಡೆಗೆ ಹೊರಟರು. ಮಿಕ್ಕಿಬ್ಬರೂ ಹಿಂದೆ. "ಇಲ್ಲಿಂದ ಒಂದು," "ಪೊದೇಲಿ ಎರಡು," "ಅಲ್ಲ, ಪೊದೇಲಿ ನೀನು ಎರಡು ಸಲ ಬೀಸಿದ್ದೆ," "ಒಂದು ಹಲ್ಲಿ ಓಡಿಸಿದ್ದು," ಎಂದುಕೊಂಡು ನಿಂತು ನಿಂತು ಬಂದರು. ಚೆಲುವಮ್ಮನ ಕೈಗಡಿಯಾರದಲ್ಲಿ ನಾನು ಏಳೂ ಐವತ್ತು ಕಂಡೆ, ಏಳೂ ಐವತ್ತೈದು ಕಂಡೆ. ಬಸ್ಸು ಓಡಿಸಿ ಸುಸ್ತಾಗಿದ್ದ ಮದುಮಗ ಗುಳಿಯ ಪಕ್ಕದ ಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. ಬಾಸಿಂಗ ಒಂದು ಕಡೆ ವಾಲಿತ್ತು. ನನ್ನನ್ನು ನೋಡಿ, ಅದನ್ನು ನೆಟ್ಟಗೆ ಮಾಡಿಕೊಂಡರು. ಮೂರು ವರ್ಷ ಸುಮ್ಮನೆ ಕಾದ ಮನುಷ್ಯನ ಮೇಲೆ ಅವತ್ತು ನನಗೆ ಕೋಪ ಬಂತು. ಅಯ್ಯೋ, ಒಂದು ಮಾತಾಡಬಾರದೇ ಎನ್ನಿಸಿತು. ಕಣ್ಣಲ್ಲಿ ನೀರು ನಿಂತಿತು.

ಮುದುಕರು ಮತ್ತೆ ಗುಳಿಯ ಹತ್ತಿರ ಬಂದರು. ಇನ್ನೂ ಆರೋ ಏಳೋ ತೀರ್ಮಾನವಾಗಿರಲಿಲ್ಲ. "ಯಾರಾದ್ರೂ ಹೊರಗಿನವರು ನೋಡಿದ್ರೆ ಹೇಳ್ಬೇಕು, ಇನ್ಯಾರ ಮಾತೂ ನಾನು ನಂಬಲ್ಲ," ಎನ್ನುತ್ತಿದ್ದರು ಮಾವ.

ಚೆಲುವಮ್ಮ ಕೈಗಡಿಯಾರ ನೋಡಿಕೊಂಡರು. ಎಂಟು. ಮದುಮಗನ ಕಡೆ ತಿರುಗಿ, ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದರು: "ಏಳು!"

ಮಾವನ ಮುಖ ಕಪ್ಪಿಟ್ಟಿತು. "ಏಳಾ?"

"ನಾನು ಹೇಳ್ಲಿಲ್ವಾ!" ಬಷೀರ್ ಸಾಹೇಬರು ತೊಡೆ ತಟ್ಟಿದರು. "ಬೀಗಿತ್ತೀನೂ ಏಳು ಅಂತಾರೆ!"

"ತಾಯಿ, ಸರಿಯಾಗಿ ನೋಡಿ ಹೇಳ್ತಿದ್ದೀರಾ?" ಮಾವ ಎರಡು ಹೆಜ್ಜೆ ಮುಂದೆ ಬಂದರು.

"ಇನ್ನೇನ್ ನೋಡಾದು? ಆಗ್ಲಿಂದ ನೋಡಿ ನೋಡಿ ಸಾಕಾಗೈತೆ ನಂಗೆ. ಏಳು ಅಂದ್ರೆ ಏಳು!"

ಮಾವ ಕುಸಿದು ಕೂತರು. ಗುಳಿಯ ಈ ಪಕ್ಕ ಮದುಮಗ, ಆ ಪಕ್ಕ ಮಾವ, ನಡುವೆ ಗೇಣುದ್ದದಲ್ಲಿ ಆ ದರಿದ್ರ ಚೆಂಡು. "ಏಳಾದ್ರೆ ಇದೊಂದು ಸೇರಿ ಎಂಟು. ಐವತ್ತಾಯ್ತು," ಎಂದರು. "ಇನ್ನು ನಾನಿದನ್ನ ಹೊಡೆದೇನು ಬಂತು ಲಚ್ಚಿ? ನನ್ನ ಕೈಲಾಗಲ್ಲ." ಎಷ್ಟು ಬೈದರೂ ಕೋಲು ಮುಟ್ಟಲಿಲ್ಲ. ನನ್ನ ಮದುವೆ ಮುಗಿಯಿತು ಎಂದುಕೊಂಡೆ. ಹೂವಿನ ಹಾರ ಬಿಚ್ಚಿಹಾಕಲು ಕೈ ಎತ್ತಿದೆ.

ಚೆಲುವಮ್ಮ ಮರಿಸ್ವಾಮಿಯ ಭುಜ ಹಿಡಿದು ಅಲ್ಲಾಡಿಸಿದರು. "ನಿಂಗೇ ಹೇಳಿದ್ದು, ಕೇಳಿಸ್ನಿಲ್ವಾ? ಏಳು!"

ಮರಿಸ್ವಾಮಿ ನನ್ನನ್ನು ನೋಡಿದರು. ನನ್ನ ಕೈ ಹಾರದ ಮೇಲಿತ್ತು. ಆಮೇಲೆ ದೊಡ್ಡಮ್ಮನನ್ನು ನೋಡಿದರು. ಹುಲ್ಲನ್ನು ಎರಡೂ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಏಳಲ್ಲ," ಎಂದರು.

"ಏನಂದೆ?"

"ಏಳಲ್ಲ ದೊಡ್ಡಮ್ಮ." ಈ ಸಲ ಹಸುಗಳೂ ತಲೆಯೆತ್ತಿದವು. "ನೀನು ನೂರು ಸಲ ಹೇಳು. ಏಳಲ್ಲ ಅಂದ್ರೆ ಏಳಲ್ಲ!"

ಮಾವ ಚೆಂಡಿನಂತೆ ಪುಟಿದು ನಿಂತರು. "ಕೇಳಿದ್ರಾ ಸಾಬ್ರೆ? ಹುಡುಗ ಆರು ಗಂಟೆಯಿಂದ ಮೈದಾನದ ಪಕ್ಕದಲ್ಲೇ ಇದ್ದು ನೋಡಿದ್ದಾನೆ, ಹೊರಗಿನೂರವನು, ಸಾಕಿದ ದೊಡ್ಡಮ್ಮನ ಮಾತನ್ನೇ ಅಲ್ಲ ಅಂತಿದ್ದಾನೆ! ಇದಕ್ಕಿಂತ ಸಾಕ್ಷಿ ಬೇಕಾ? ಏಳಲ್ಲ! ಆರು!" ಎನ್ನುತ್ತಲೇ ಕೋಲು ಎತ್ತಿ ಟಕ್ಕೆಂದು ತಟ್ಟಿದರು. ಚೆಂಡು ಉರುಳಿತು, ಅಂಚಿನಲ್ಲಿ ಒಂದು ಸುತ್ತು ಬಂತು, ನನ್ನ ಜೀವ ಬಾಯಿಗೆ ಬಂತು, ಬಿತ್ತು.

ಸೂರ್ಯ ಹುಣಸೆಮರದ ಹಿಂದಕ್ಕೆ ಜಾರಿದ. ಹಸುಗಳು ಗಂಟೆ ಅಲ್ಲಾಡಿಸಿಕೊಂಡು ಮನೆಯ ಕಡೆ ಹೊರಟವು, ಕೆಂಪು ಧೂಳೆದ್ದಿತು. "ಲಗ್ನ! ಲಗ್ನ!" ಎಂದು ಜೋಯಿಸರು ಗಾಲ್ಫ್ ಕೋಲನ್ನೇ ದರ್ಭೆಯ ಹಾಗೆ ಹಿಡಿದುಕೊಂಡು ಓಡಿದರು. ಮಾವ ನನ್ನನ್ನು ಎತ್ತಿಕೊಂಡು ಓಡಿದರು, ಆ ವಯಸ್ಸಿನಲ್ಲಿ! ಮರಿಸ್ವಾಮಿ ಎಲ್ಲರಿಗಿಂತ ಮುಂದೆ ಓಡಿದರು. ಮೈದಾನದಲ್ಲಿ ಉಳಿದವರು ಚೆಲುವಮ್ಮ ಒಬ್ಬರೇ. "ಮೂವತ್ತೊಂಬತ್ತು ವರ್ಸಕ್ಕೆ ಬಾಯಿ ಬಂತಲ್ಲಪ್ಪ ಈ ಮೂಗನಿಗೆ," ಎಂದುಕೊಂಡು ಮೆಲ್ಲಗೆ ಬಂದು ಮಂಟಪದಲ್ಲಿ ಕೂತರು. ಅಕ್ಷತೆಯನ್ನು ಕಲ್ಲೆಸೆದ ಹಾಗೆ ಎಸೆದರು, ಆದರೆ ಎಸೆದರು. ಧಾರೆ ಎರೆಯುವಾಗ ಜೋಯಿಸರು ಹೇಳಿಕೊಟ್ಟ ಮಂತ್ರದ ಬದಲು ಮಾವ ಎರಡು ಸಲ "ನಲವತ್ತೊಂಬತ್ತು" ಎಂದರು.

ಊಟಕ್ಕೆ ಇಬ್ಬರನ್ನೂ ಒಂದೇ ಎಲೆಯ ಮುಂದೆ ಕೂರಿಸಿದರು. ಮಾವ ಪಾಯಸದ ಸೌಟು ಹಿಡಿದು ಪಂಕ್ತಿಯಲ್ಲಿ ಓಡಾಡುತ್ತಾ, ಹಾಕಿಸಿಕೊಳ್ಳುವವರಿಗೆಲ್ಲ ನಲವತ್ತೊಂಬತ್ತರ ಕಥೆ ಹೇಳುತ್ತಿದ್ದರು. ಚೆಲುವಮ್ಮನಿಗೆ ಎರಡು ಸಲ ಹೇಳಿದರು. ಆಕೆ ಪಾಯಸವನ್ನೂ ಎರಡು ಸಲ ಹಾಕಿಸಿಕೊಂಡರು.

ಮರಿಸ್ವಾಮಿ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು. "ಮಾವ ಯಾಕೆ ನನ್ನ ಅಷ್ಟೊಂದು ಹೊಗಳ್ತಾವ್ರೆ?"

"ನೀವೇ ತಾನೆ ಏಳಲ್ಲ ಅಂದಿದ್ದು?"

"ದೊಡ್ಡಮ್ಮ ಎದ್ದು ಬಸ್ ಹತ್ತು ಅಂದ್ರು. ನಾನು ಏಳಲ್ಲ ಅಂದೆ. ಅದಕ್ಕೂ ಚೆಂಡಿಗೂ ಏನ್ ಸಂಬಂಧ?"

ಆಗ ನಾನು ಅವರಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು, ಆರು, ಏಳು, ನಲವತ್ತೊಂಬತ್ತು, ಐವತ್ತು. ಪಾಪ, ಅವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಅಯ್ಯಯ್ಯೋ, ನಾನು ಒಂದ್ ಹೊಡೆತಾನೂ ಎಣಿಸಿಲ್ವಲ್ಲ! ದೇವರಂಥ ಮನುಷ್ಯನಿಗೆ ಸುಳ್ಳು ಸಾಕ್ಷಿ ಹೇಳಿದಂಗಾಯ್ತಲ್ಲ, ಅದೂ ಮದ್ವೆ ದಿವ್ಸ! ಕೊನೇ ತಟ್ಟಿಗೆ ಮುಂಚೆ ನಿಜವಾಗ್ಲೂ ಎಷ್ಟಾಗಿತ್ತು, ನಿಂಗೇನಾರ ಗೊತ್ತಾ?"

ನನಗೆ ಗೊತ್ತಿತ್ತು. ಊರಿಗೆಲ್ಲ ಲೆಕ್ಕ ಬೇಡ, ಲೆಕ್ಕ ಬೇಡ ಎಂದು ಸಾರಿದ ನಾನು ಅವತ್ತು ಕಿಟಕಿಯ ಸರಳು ಹಿಡಿದು, ಪೊದೆಯಲ್ಲಿ ಬೀಸಿದ್ದು, ಹಸುವಿಗೆ ತಾಗಿದ್ದು ಒಂದನ್ನೂ ಬಿಡದೆ ಎಣಿಸಿದ್ದೆ. ಮಾವ ದೂರದ ಸಾಲಿಗೆ ಹೋಗುವವರೆಗೂ ಕಾದು, ಗಂಡನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಎಂಟು."

ಮರಿಸ್ವಾಮಿ ಎಡಗೈಯ ಬೆರಳು ಮಡಿಸಿ ಎಣಿಸಿಕೊಂಡರು. ಆಮೇಲೆ ಮುಖ ಅರಳಿತು, ನಿಂತಿದ್ದ ತುತ್ತು ಬಾಯಿಗೆ ಹೋಯಿತು.

"ಹಂಗಾದ್ರೆ ನಾನು ಸುಳ್ಳು ಹೇಳಿಲ್ಲ ಬಿಡು."